ಅಚ್ಚಿನ ತಪ್ಪು

ನವೆಂಬರಿನಲ್ಲಿ ಮೋರ್ಕಮ್ಮಿನ ಕಡಲು
ದಂಡೆ ಬಿಟ್ಟು ಮೈಲಿಗಟ್ಟಲೆ ಹಿಂದೆ ಸರಿದಿರುತ್ತದೆ,
ಸಾಲ ಕೇಳಿದೊಡನೆ ಜಾರಿಕೊಂಡ ನೆಂಟನ ಹಾಗೆ.
ಆಟದಂಗಡಿಗೆ ಬರುವವರು ಇಬ್ಬರೋ ಮೂವರೋ.
ಗಾಜಿನೊಳಗೆ ಎರಡು ಪೆನ್ನಿಗಳ ಗುಡ್ಡೆ
ಮುಂದಕ್ಕೆ ಹಿಂದಕ್ಕೆ, ಮುಂದಕ್ಕೆ ಹಿಂದಕ್ಕೆ,
ಈಗ ಬಿದ್ದೀತು, ಈಗ ಬಿದ್ದೀತು ಎನ್ನಿಸುತ್ತ
ಬೀಳದೆ ತೂಗುತ್ತದೆ.

ಹತ್ತಕ್ಕೆ ಶಟರ್ ಎಳೆದು
ಹಿಂದಿನ ಕೋಣೆಯಲ್ಲಿ ಚಿಲ್ಲರೆ ಸುರಿದುಕೊಂಡು ಕೂರುತ್ತಿದ್ದೆವು,
ನಾನು ಮತ್ತು ಎನಿಡ್ ಥ್ರೆಲ್‌ಫಾಲ್.
ನಾನು ಎಣಿಸುತ್ತಿದ್ದೆ.
ಅವಳು ಓದುತ್ತಿದ್ದಳು.

ಮೊದಲು ಅಯಸ್ಕಾಂತ, ದಾರಕ್ಕೆ ಕಟ್ಟಿದ್ದು.
ಹೊಸವು ಮೇಲೆ ತಾಮ್ರ, ಒಳಗೆ ಉಕ್ಕು,
ಕರೆದರೆ ಸಾಕು, ಗೊಂಚಲಾಗಿ ಜಿಗಿಯುತ್ತವೆ.
ಹಳೆಯ ಕಂಚು ಕದಲುವುದಿಲ್ಲ.
ಕದಲದವನ್ನೇ ಅವಳು ದೀಪದಡಿಗೆ ಎಳೆದುಕೊಳ್ಳುವುದು,
ಕನ್ನಡಕದ ಮೇಲೆ ಇನ್ನೊಂದು ಗಾಜು ಒತ್ತಿ.

‘ಎಂಬತ್ತಮೂರು’ ಅನ್ನುತ್ತಿದ್ದಳು, ‘ಎಂಬತ್ತಮೂರು ಬೇಕು.’
ಆ ವರ್ಷ ‘ಎರಡು ಪೆನ್ಸ್’ ಎಂದಿರಬೇಕಾದಲ್ಲಿ
ಹಳೆಯ ಅಚ್ಚು ನುಸುಳಿ
‘ಹೊಸ ಪೆನ್ಸ್’ ಎಂದೇ ಬಿದ್ದವಂತೆ ಕೆಲವು.
ಪೇಟೆಗೆ ಬಿಟ್ಟವಲ್ಲ, ಉಡುಗೊರೆಯ ಕಟ್ಟುಗಳಲ್ಲಿ ಹೋದವು.
‘ಆದರೂ ಯಾವುದೋ ಮನೆಯ ತುಂಟ ಕಟ್ಟು ಒಡೆದು
ಮಿಠಾಯಿ ಕೊಂಡಿರಬಾರದೇನು?’
ಆ ತುಂಟನನ್ನು ನಂಬಿ ಮೂವತ್ತು ಚಳಿಗಾಲ.
ಸಿಕ್ಕ ‘ಹೊಸ’ವೆಲ್ಲ ಎಂಬತ್ತೊಂದೋ ಎಪ್ಪತ್ತೊಂದೋ.
ಆಗ ಹೊಸ ಎನ್ನುವುದೇ ಸರಿಯಾಗಿತ್ತು.
ಸರಿಯಾದ್ದಕ್ಕೆ ಎರಡೇ ಪೆನ್ನಿ.

ನಾನೂ ಆಸೆಗೆ ಬಿದ್ದು ತಂದು ತೋರಿಸುತ್ತಿದ್ದೆ,
ಸೊಟ್ಟಗಾದದ್ದು, ತೂತು ಬಿದ್ದದ್ದು, ಸುಟ್ಟು ಕಪ್ಪಾದದ್ದು.
ಕೈಗೂ ತೆಗೆದುಕೊಳ್ಳದೆ ಕೇಳುತ್ತಿದ್ದಳು:
‘ಟಂಕಸಾಲೆ ಮಾಡಿದ್ದೋ, ಊರು ಮಾಡಿದ್ದೋ?’

ಅಂಚು ಕಚ್ಚಿದ ಹಾಗಿದ್ದರೆ ಎದುರಂಚು ನೋಡಬೇಕಂತೆ.
ಅಲ್ಲಿಯೂ ದಿಂಡು ಮಂಕಾಗಿದ್ದರೆ
ಬಿಲ್ಲೆಯಾಗಿದ್ದಾಗಲೇ ತುಂಡಾದದ್ದು, ಇಟ್ಟುಕೋ.
ಇಲ್ಲವಾದರೆ ಯಾರೋ ಅರ ಹಾಕಿ ಉಜ್ಜಿದ್ದು, ಬಿಸಾಕು.
‘ಹುಟ್ಟುವಾಗ ಕೆಟ್ಟದ್ದಕ್ಕೆ ಬೆಲೆ ಉಂಟು ಮಗಾ.
ಆಮೇಲೆ ತಿಂದ ಪೆಟ್ಟನ್ನು ಯಾವನೂ ಕೊಳ್ಳುವುದಿಲ್ಲ.’
ಹೇಳುತ್ತ ಹೇಳುತ್ತ ನಾಣ್ಯ ಬಳಿದುಕೊಳ್ಳುವಳು
ಬಲಗೈ ಹೆಬ್ಬೆರಳಿನಿಂದ.
ಅದು ಮೊದಲ ಗೆಣ್ಣಿಗೇ ನಿಂತಿತ್ತು.
ತೊಂಬತ್ತಾರರಲ್ಲಿ ನಾಲ್ಕನೇ ನಂಬರಿನ ಯಂತ್ರದ ಪಟ್ಟಿ.
ಆ ಕ್ರಿಸ್ಮಸ್ಸಿಗೆ ಮಾಲೀಕರು
ಒಂದು ಟರ್ಕಿ ಕೋಳಿ ಕಳಿಸಿದ್ದರಂತೆ.

ಈಗ ಅವಳು ಹೇಶಮ್ಮಿನಲ್ಲಿ, ತಂಗಿಯ ಮನೆಯಲ್ಲಿ.
ಬರುವ ಬೇಸಿಗೆಗೆ ಯಂತ್ರಗಳೆಲ್ಲ ಕಾರ್ಡು ನುಂಗುತ್ತವೆ.
ಅಯಸ್ಕಾಂತ ಮೊಳೆಗೆ ನೇತಾಡುತ್ತಿದೆ,
ಬಾಗಿಲು ತೆರೆದಾಗೆಲ್ಲ ಗಾಳಿಗೆ ಅರ್ಧ ಸುತ್ತು.

ನಿನ್ನೆ ಕದಲದ ಒಂದನ್ನು ತಿರುವಿದೆ.
ರಾಣಿ ನೆಟ್ಟಗಿದ್ದಾಳೆ, ಹಿಂದಿನ ಗರಿಗಳು ಅಡ್ಡ ಮಲಗಿವೆ.
ಕೈ ನಡುಗಿತೇನೋ ಎಂದು ಮತ್ತೆ ತಿರುವಿದೆ.
ಮೇಜಿನ ಅಂಚಿಗೆ ಒತ್ತಿ ಹಿಡಿದು ಇನ್ನೊಮ್ಮೆ.
ಅಡ್ಡವೇ.
ಅಚ್ಚು ಸಡಿಲಾಗಿ ಕಾಲು ಸುತ್ತು ಹೊರಳಿದೆ,
ಯಾರ ಕಣ್ಣಿಗೂ ಬೀಳದೆ ಎಷ್ಟು ಜೇಬು ದಾಟಿದೆಯೋ,
ಎಷ್ಟು ಮಕ್ಕಳ ಬೆವರಂಗೈ.

ಫೋನು ಹಚ್ಚಿದೆ. ಹಿಂದೆ ಟೀವಿಯ ಸದ್ದು, ತಂಗಿಯ ಕೆಮ್ಮು.
ಹೇಳಿದೆ ಎಲ್ಲವನ್ನೂ, ಒಂದೇ ಉಸಿರಿಗೆ.
ಬಹಳ ಹೊತ್ತು ಏನೂ ಇಲ್ಲ. ಆಮೇಲೆ:
‘ಟಂಕಸಾಲೆಯೋ, ಊರೋ?’
‘ಟಂಕಸಾಲೆ.’
‘ಕಿಲುಬು ಇದೆಯಾ?’
‘ಗರಿಗಳ ಸಂದಿಯಲ್ಲಿ ಸ್ವಲ್ಪ, ಹಸಿರು.’
‘ಇರಲಿ. ತೊಳೆಯಬೇಡ’ ಎಂದು ಇಟ್ಟುಬಿಟ್ಟಳು.

ಬಚ್ಚಲಲ್ಲಿ ನಲ್ಲಿ ತಿರುಗಿಸಿ ನಿಂತೆ,
ಎರಡೂ ಅಂಗೈ ತಾಮ್ರ ನಾರುತ್ತಿತ್ತು,
ಸೋಪು ಅಲ್ಲೇ ಇತ್ತು.